ಅನಾಮಿಕನ ವಿಳಾಸ: ಸದಾಶಿವ ಪೇಠ, ಪುಣೆ

1892ನೇ ಇಸವಿ. ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ ಪುಣೆಗೆ ಹೊರಟಿದ್ದ ರೈಲಿನ ಒಂದು ಡಬ್ಬಿಯಲ್ಲಿ ಬಾಲ ಗಂಗಾಧರ ತಿಲಕರು ಕೂತಿದ್ದರು. ಅದೇ ಡಬ್ಬಿಗೆ ಒಬ್ಬ ತರುಣ ಸನ್ಯಾಸಿ ಹತ್ತಿದರು. ಬೀಳ್ಕೊಡಲು ಬಂದಿದ್ದ ಗುಜರಾತಿ ಗೃಹಸ್ಥರು ತಿಲಕರ ಪರಿಚಯ ಮಾಡಿಸಿ, ಪುಣೆಯಲ್ಲಿ ಇವರ ಮನೆಯಲ್ಲೇ ಇಳಿದುಕೊಳ್ಳಿ ಎಂದು ಸನ್ಯಾಸಿಗೆ ಹೇಳಿದರು. ತಿಲಕರ ವಸತಿ ಆಗ ಸದಾಶಿವ ಪೇಠೆಯ ವಿಂಚೂರಕರ ವಾಡೆಯಲ್ಲಿ. ಅತಿಥಿ ಅಲ್ಲಿ ಎಂಟು–ಹತ್ತು ದಿನ ಉಳಿದರು. ಅವರ ಆಸ್ತಿಯೆಂದರೆ ಒಂದು ಜಿಂಕೆಯ ಚರ್ಮ, ಒಂದೆರಡು ಬಟ್ಟೆ, ಒಂದು ಕಮಂಡಲು. ಕೈಯಲ್ಲಿ ಬಿಡಿಗಾಸಿಲ್ಲ. ಹೆಸರು ಕೇಳಿದರೆ ‘ಸನ್ಯಾಸಿ’ ಎಂಬ ಒಂದೇ ಉತ್ತರ.

ಹೀರಾಬಾಗಿನ ಡೆಕ್ಕನ್ ಕ್ಲಬ್ಬಿನಲ್ಲಿ ವಾರಕ್ಕೊಂದು ಸಭೆ ನಡೆಯುತ್ತಿತ್ತು. ಒಂದು ಸಂಜೆ ತಿಲಕರು ಅತಿಥಿಯನ್ನೂ ಕರೆದುಕೊಂಡು ಹೋದರು. ಕಾಶೀನಾಥ ಗೋವಿಂದ ನಾತೂ ಅವರು ತತ್ತ್ವಶಾಸ್ತ್ರದ ವಿಷಯವೊಂದರ ಮೇಲೆ ಮಾತಾಡಿದರು. ಅವರು ಮುಗಿಸಿದ ಮೇಲೆ ಸನ್ಯಾಸಿ ಎದ್ದು ನಿಂತು ಆ ವಿಷಯದ ಇನ್ನೊಂದು ಮಗ್ಗುಲನ್ನು ತಡೆಯಿಲ್ಲದ ಇಂಗ್ಲಿಷಿನಲ್ಲಿ ಬಿಡಿಸಿಟ್ಟರು. ಸಭೆಗೆ ಸಭೆಯೇ ಬೆರಗಾಯಿತು. ಸ್ವಲ್ಪ ದಿನಕ್ಕೆ ಅವರು ಪುಣೆ ಬಿಟ್ಟು ಹೊರಟರು. ಹತ್ತು ದಿನ ಒಂದೇ ಸೂರಿನಡಿ ಇದ್ದವರ ಹೆಸರು ಅನ್ನ ಹಾಕಿದ ಮನೆಗೇ ತಿಳಿಯಲಿಲ್ಲ.

ಇಂಥವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಅನಾಮಿಕ ಎಂದೇ, ಅನಾಮಧೇಯ ಎಂದೇ? ಅಜ್ಞಾತ, ಅಪರಿಚಿತ ಎಂಬ ಮಾತುಗಳೂ ಇವೆ. ನಿಘಂಟು ಇವನ್ನೆಲ್ಲ ಅಕ್ಕಪಕ್ಕದಲ್ಲಿ ಕೂರಿಸುತ್ತದೆ. ಬಳಕೆಯಲ್ಲಿ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹೆಸರು ಇಲ್ಲವೆಂದರೆ ಅದು ಎಲ್ಲಿ ಹೋಯಿತು? ಅವನೇ ಬಚ್ಚಿಟ್ಟನೋ, ಬೇರೆಯವರು ಅಳಿಸಿದರೋ, ಕೇಳುವವರೇ ಇರಲಿಲ್ಲವೋ? ಈ ಪದಗಳು ಬೇರೆಯಾಗುವುದೇ ಅಲ್ಲಿ. ಅವುಗಳಲ್ಲಿ ಹೆಚ್ಚಿನವಕ್ಕೆ ಸದಾಶಿವ ಪೇಠೆಯ ಆಸುಪಾಸಿನಲ್ಲೇ ಒಂದೊಂದು ಉದಾಹರಣೆ ಸಿಗುತ್ತದೆ.

ಒಂದು ‘ಅ’, ಹಲವು ಅರ್ಥ

ಮೊದಲು ಪದವನ್ನು ಬಿಡಿಸಿ ನೋಡಬಹುದು. ಸಂಸ್ಕೃತದ ನಿಷೇಧ ಸ್ವರದ ಮುಂದೆ ‘ಅನ್’ ಆಗುತ್ತದೆ, ವ್ಯಂಜನದ ಮುಂದೆ ಬರೀ ‘ಅ’. ಉಚಿತ ಅನುಚಿತವಾಗುತ್ತದೆ, ನ್ಯಾಯ ಅನ್ಯಾಯವಾಗುತ್ತದೆ. ‘ನಾಮ’ ವ್ಯಂಜನದಿಂದ ಶುರುವಾಗುವುದರಿಂದ ಅ–ನಾಮಿಕ, ಅ–ನಾಮಧೇಯ. ಪದದೊಳಗಿನ ‘ನ’ ಹೆಸರಿಗೆ ಸೇರಿದ್ದು, ನಿಷೇಧಕ್ಕಲ್ಲ. ಈ ಲೆಕ್ಕ ತಪ್ಪಿದರೆ ‘ಅನಾಮಯ’ ಎಂಬ ಪದವೂ ಹೆಸರಿಲ್ಲದ್ದು ಎಂದೇ ತೋರುತ್ತದೆ. ಅದು ಅನ್–ಆಮಯ, ಅಂದರೆ ಕಾಯಿಲೆ ಇಲ್ಲದ್ದು. ಇನ್ನು ‘ಅನಾಮತ್ತು’ ಪೂರಾ ಬೇರೆ ಊರಿನದು. ನಂಬಿ ಒಪ್ಪಿಸಿದ ವಸ್ತು ಎಂಬ ಅರ್ಥದ ಅರಬ್ಬಿಯ ‘ಅಮಾನತ್’ ಮರಾಠಿಯಲ್ಲಿ ಠೇವಣಿಯ ‘ಅನಾಮತ್’ ಆಯಿತು, ಕನ್ನಡದ ಲೆಕ್ಕದ ಪುಸ್ತಕಕ್ಕೂ ಬಂತು. ಯಾರನ್ನಾದರೂ ಅನಾಮತ್ತಾಗಿ ಎತ್ತಿಕೊಂಡು ಹೋದರು ಎನ್ನುವಾಗ ಅಲ್ಲಿ ಯಾವ ನಾಮವೂ ಇಲ್ಲ.

‘ಅನಾಮಿಕ’ ಎಂದರೆ ಹೆಸರು ಹೇಳದವನು. ಹೇಳದಿರುವುದು ಅವನ ಆಯ್ಕೆ. ‘ಅನಾಮಧೇಯ’ ಪೊಲೀಸ್ ಠಾಣೆಯಲ್ಲಿ, ಕಚೇರಿಯಲ್ಲಿ ಹೆಚ್ಚು ಓಡಾಡುವ ಪದ: ಅನಾಮಧೇಯ ಕರೆ, ಅನಾಮಧೇಯ ಪತ್ರ. ಜೊತೆಗೆ ಅದಕ್ಕೆ ತುಸು ತಾತ್ಸಾರವೂ ಅಂಟಿದೆ. ‘ಯಾವನೋ ಅನಾಮಧೇಯ’ ಎಂದರೆ ಲೆಕ್ಕಕ್ಕಿಲ್ಲದವನು. ‘ಅಜ್ಞಾತ’ ಎಂದಾಗ ಹೆಸರು ಇದೆ, ನಮಗೆ ಗೊತ್ತಿಲ್ಲ ಅಷ್ಟೆ. ವಿರಾಟನಗರದ ಅಜ್ಞಾತವಾಸದಲ್ಲಿ ಪಾಂಡವರಿಗೆ ಹೆಸರಿನ ಕೊರತೆ ಇರಲಿಲ್ಲ. ಕಂಕ, ವಲಲ, ಬೃಹನ್ನಳೆ, ಸೈರಂಧ್ರಿ ಎಂದು ತಲೆಗೊಂದು ಹೊಸ ಹೆಸರೇ ಇತ್ತು. ಹೆದ್ದಾರಿಯ ಬದಿಯಲ್ಲಿ ಸಿಕ್ಕ ದೇಹಕ್ಕೆ ಪತ್ರಿಕೆ ಹಾಕುವ ಪದ ‘ಅಪರಿಚಿತ’. ಪಾರಸಿಯ ‘ಬೇನಾಮಿ’ಯ ಮಾತಿನ ಅರ್ಥ ಹೆಸರಿಲ್ಲದ್ದು ಎಂದೇ ಆದರೂ ಕಾಗದದ ಮೇಲೆ ಹೆಸರು ಇದ್ದೇ ಇರುತ್ತದೆ, ಅದು ಬೇರೆ ಯಾರದ್ದೋ. ಅದನ್ನು ತಡೆಯಲು 1988ರಲ್ಲಿ ಕಾನೂನು ಬಂತು, 2016ರ ತಿದ್ದುಪಡಿಯಿಂದ ಆ ಕಾನೂನಿಗೆ ಹಲ್ಲು ಬಂತು.

ಅಚ್ಚಗನ್ನಡದ ಮಾತು ಇವೆಲ್ಲಕ್ಕಿಂತ ಖಾರ. ‘ಹೇಳಹೆಸರಿಲ್ಲದಂತೆ’ ಹೋದರು ಎಂದರೆ ಸತ್ತರು ಎನ್ನುವುದಕ್ಕಿಂತ ಹೆಚ್ಚಿನದು. ಹೆಸರನ್ನು ಹೇಳುವ ಬಾಯಿಯೂ ಉಳಿಯಲಿಲ್ಲ ಎಂದು.

ಹೆಸರಿಲ್ಲದ ಬೆರಳು

ಈ ಪದ ಎಲ್ಲರ ಕೈಯಲ್ಲೂ ಇದೆ. ಕಿರುಬೆರಳಿನ ಪಕ್ಕದ್ದು ಅನಾಮಿಕಾ. ಹೆಬ್ಬೆರಳು ದಪ್ಪ, ತೋರುಬೆರಳು ತೋರಿಸುತ್ತದೆ, ನಡುಬೆರಳು ನಡುವೆ ಇದೆ, ಕಿರುಬೆರಳು ಕಿರಿದು. ಉಳಿದ ಒಂದಕ್ಕೆ ಸ್ವಂತದ್ದೆನ್ನುವ ಕೆಲಸವಾಗಲಿ ಗುರುತಾಗಲಿ ಸಿಗಲಿಲ್ಲ. ಹಾಗೆ ಅನ್ನಿಸಿದ್ದು ಭಾರತದವರಿಗೆ ಮಾತ್ರವಲ್ಲ. ಚೀನೀ, ರಷ್ಯನ್, ಫಿನ್ನಿಶ್, ಲಿಥುವೇನಿಯನ್ ಭಾಷೆಗಳೂ ಇದೇ ಬೆರಳನ್ನು ‘ಹೆಸರಿಲ್ಲದ್ದು’ ಎಂದೇ ಕರೆಯುತ್ತವೆ. ಬೇರೆ ಬೇರೆ ಕುಟುಂಬಗಳ ಭಾಷೆಗಳು ಒಂದೇ ಬೆರಳಿನ ಹತ್ತಿರ ಬಂದು ತಡವರಿಸಿರುವುದು ಸೋಜಿಗ.

ಸಂಸ್ಕೃತ ಕವಿಗಳು ಈ ತಡವರಿಕೆಯನ್ನೇ ಚಮತ್ಕಾರ ಮಾಡಿಕೊಂಡರು. ಹಿಂದೆ ಯಾರೋ ಶ್ರೇಷ್ಠ ಕವಿಗಳನ್ನು ಬೆರಳೆಣಿಸಲು ಹೊರಟರಂತೆ. ಕಿರುಬೆರಳಿಗೆ ಕಾಳಿದಾಸನ ಹೆಸರು ಬಂತು. ಅವನಿಗೆ ಸಮನಾದ ಇನ್ನೊಬ್ಬ ಸಿಗದೆ ಪಕ್ಕದ ಬೆರಳು ಹೆಸರಿಲ್ಲದೆ ಉಳಿದು, ಅನಾಮಿಕೆ ಎಂಬ ಮಾತು ಸಾರ್ಥಕವಾಯಿತಂತೆ. ಈ ಚಾಟುಶ್ಲೋಕ ಬರೆದವರು ಯಾರು? ಅವರೂ ಅನಾಮಿಕರೇ.

ಹೆಸರಿಲ್ಲದಿದ್ದರೂ ಈ ಬೆರಳಿಗೆ ಮರ್ಯಾದೆ ಹೆಚ್ಚು. ಶ್ರಾದ್ಧದಲ್ಲಿ ದರ್ಭೆಯ ಪವಿತ್ರ ಧರಿಸುವುದು ಇದಕ್ಕೆ, ಗಂಧ–ಕುಂಕುಮ ಹಚ್ಚುವುದು ಇದರಿಂದ, ಉಂಗುರ ತೊಡಿಸುವುದೂ ಇದಕ್ಕೇ. ಕನ್ನಡದ ಜನ ಕೊನೆಗೆ ಅದನ್ನು ‘ಉಂಗುರದ ಬೆರಳು’ ಎಂದು ಕರೆದು ಸಮಸ್ಯೆ ಬಗೆಹರಿಸಿದರು. ಈಗ ಅನಾಮಿಕಾ ಎಂಬುದೇ ಹೆಣ್ಣುಮಕ್ಕಳಿಗೆ ಇಡುವ ಚೆಂದದ ಹೆಸರು. ಹೆಸರಿಲ್ಲದವಳು ಎಂಬ ಹೆಸರಿನ ಹುಡುಗಿ ಹಾಜರಿ ಪುಸ್ತಕದಲ್ಲಿ ಅಕಾರಾದಿಯಾಗಿ ಮೊದಲ ಸಾಲಿನಲ್ಲೇ ಇರುತ್ತಾಳೆ.

ಅಕಾರಾದಿಯ ಮಾತು ಬಂದಾಗ ಪುಣೆಯನ್ನು ನೆನೆಯದೆ ಇರಲಾಗದು. ಇಲ್ಲಿನ ಡೆಕ್ಕನ್ ಕಾಲೇಜಿನಲ್ಲಿ 1948ರಿಂದ ಐತಿಹಾಸಿಕ ಸಂಸ್ಕೃತ ಮಹಾಕೋಶವೊಂದು ತಯಾರಾಗುತ್ತಿದೆ. ಪದ ಬರೆದಿಟ್ಟ ಚೀಟಿಗಳ ಸಂಖ್ಯೆ ಒಂದು ಕೋಟಿಯ ಆಸುಪಾಸು. ಮೊದಲ ಭಾಗ ಅಚ್ಚಾಗಿದ್ದು 1976ರಲ್ಲಿ. ಹತ್ತಾರು ಸಂಪುಟ ಬಂದರೂ ಕೋಶ ‘ಅ’ಕಾರದಲ್ಲೇ ಇದೆ. ‘ಇಲ್ಲ’ ಎನ್ನುವ ಅ, ಅನ್‌ಗಳಿಂದ ಶುರುವಾಗುವ ಪದಗಳು ಸಂಸ್ಕೃತದಲ್ಲಿ ಅಷ್ಟೊಂದು.

ಎರಡು ಮುತ್ತು, ಇಪ್ಪತ್ತೇಳು ಮೊಹರು

ಪುಣೆಯ ಹಳೆಯ ಪೇಠೆಗಳಲ್ಲಿ ಏಳಕ್ಕೆ ವಾರದ ಏಳು ದಿನಗಳ ಹೆಸರು. ಸೋಮವಾರದಿಂದ ರವಿವಾರದವರೆಗೆ ಒಂದೂ ಬಿಟ್ಟಿಲ್ಲ. ಸದಾಶಿವ ಪೇಠೆಗೆ ಇರುವುದು ಮನುಷ್ಯನ ಹೆಸರು. ಚಿಮಾಜಿ ಅಪ್ಪಾನ ಮಗ, ನಾನಾಸಾಹೇಬ ಪೇಶ್ವೆಯ ಚಿಕ್ಕಪ್ಪನ ಮಗ ಸದಾಶಿವರಾವ್ ಭಾವೂನ ಹೆಸರಿನ ಪೇಠ ಇದು. ಕರ್ನಾಟಕಕ್ಕೆ ಈತ ಅಪರಿಚಿತನಲ್ಲ. ಹದಿನಾರು–ಹದಿನೇಳರ ವಯಸ್ಸಿನಲ್ಲಿ, 1746–47ರಲ್ಲಿ, ಇವನ ಮೊದಲ ದಂಡಯಾತ್ರೆ ನಡೆದದ್ದೇ ಕರ್ನಾಟಕದ ಕಡೆಗೆ. ಸವಣೂರಿನ ನವಾಬ ಸೋತು ಹಲವು ಪರಗಣೆಗಳನ್ನು ಬಿಟ್ಟುಕೊಟ್ಟ.

1761ರ ಜನವರಿ 14ರಂದು ಪಾಣಿಪತದಲ್ಲಿ ಭಾವೂ ಅಹಮದ್ ಶಾ ಅಬ್ದಾಲಿಯ ಸೈನ್ಯದೆದುರು ಬಿದ್ದ. ನೆರವಿಗೆಂದು ಉತ್ತರಕ್ಕೆ ಹೊರಟಿದ್ದ ಪೇಶ್ವೆಗೆ ದಾರಿಯಲ್ಲಿ ಸುದ್ದಿ ಮುಟ್ಟಿಸಿದ್ದು ಒಬ್ಬ ಸಾಹುಕಾರನ ಪತ್ರ. ಅದರಲ್ಲಿ ಯುದ್ಧದ ಮಾತಿಲ್ಲ, ಒಬ್ಬರ ಹೆಸರೂ ಇಲ್ಲ. ಎರಡು ಮುತ್ತುಗಳು ಕರಗಿಹೋದವು, ಇಪ್ಪತ್ತೇಳು ಚಿನ್ನದ ಮೊಹರುಗಳು ಕಳೆದವು, ಬೆಳ್ಳಿ–ತಾಮ್ರ ಎಷ್ಟು ಹೋಯಿತೋ ಲೆಕ್ಕ ಹಾಕಲಾಗದು ಎಂಬ ಅರ್ಥದ ಒಕ್ಕಣೆ, ಅಷ್ಟೆ. ಪತ್ರ ಶತ್ರುವಿನ ಕೈಗೆ ಬಿದ್ದರೆ ಅದು ವ್ಯಾಪಾರದ ನಷ್ಟದ ವರದಿ. ನಾನಾಸಾಹೇಬನಿಗೆ ಮಾತ್ರ ಅರ್ಥವಾಯಿತು. ಮುತ್ತುಗಳಲ್ಲಿ ಒಂದು ತನ್ನ ಮಗ ವಿಶ್ವಾಸರಾವ್, ಇನ್ನೊಂದು ಭಾವೂ. ಮೊಹರುಗಳು ಸರದಾರರು.

ಬೆಳ್ಳಿ–ತಾಮ್ರವೆಂದರೆ ಉಳಿದ ಸಾವಿರಾರು ಜನ. ಒಂದೇ ವಾಕ್ಯದಲ್ಲಿ ಎರಡು ಬಗೆಯ ಹೆಸರಿಲ್ಲದಿರುವಿಕೆ ಇದೆ. ಮುತ್ತಿಗೂ ಮೊಹರಿಗೂ ಹೆಸರಿತ್ತು, ಬೇಕೆಂದೇ ಮುಚ್ಚಿಟ್ಟರು. ಚಿಲ್ಲರೆಯ ಹೆಸರನ್ನು ಮುಚ್ಚಿಡುವ ಪ್ರಮೇಯವೇ ಬರಲಿಲ್ಲ, ಯಾರೂ ಅದನ್ನು ಬರೆದಿಟ್ಟಿರಲಿಲ್ಲ. ಕರ್ನಾಟಕದ ಊರೂರಿನ ಹೊರಗೆ ನಿಂತ ವೀರಗಲ್ಲುಗಳಲ್ಲೂ ಇದೇ ಕಥೆ. ಶಾಸನವಿರುವ ಕಲ್ಲಿನ ವೀರನಿಗೆ ಹೆಸರಿದೆ, ತಂದೆಯ ಹೆಸರಿದೆ, ಸತ್ತ ಕಾರಣವಿದೆ. ಅಕ್ಷರವಿಲ್ಲದ ಕಲ್ಲಿನಲ್ಲಿ ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸೂರ್ಯ–ಚಂದ್ರ. ಊರವರು ಅವನಿಗೆ ‘ಕಲ್ಲು ದೇವರು’ ಎಂದೋ ‘ವೀರಪ್ಪ’ ಎಂದೋ ಹೆಸರಿಟ್ಟು ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತಾರೆ.

ಭಾವೂನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆತ ಬದುಕಿದ್ದಾನೆಂಬ ಗುಲ್ಲು ಎದ್ದಿತು. ಕನೋಜದ ಕಡೆಯವನೊಬ್ಬ ನಾನೇ ಭಾವೂ ಎಂದು ಕಾಣಿಸಿಕೊಂಡ. ಹಿಡಿದು ಸೆರೆಗೆ ಹಾಕಿದರೂ 1776ರಲ್ಲಿ ರತ್ನಾಗಿರಿಯಿಂದ ಬಿಡುಗಡೆಯಾಗಿ, ಸೈನ್ಯ ಕಟ್ಟಿಕೊಂಡು ಪುಣೆಯ ಕಡೆ ನುಗ್ಗಿದ. ನಂಬಿದವರಿಗೇನೂ ಕಡಿಮೆಯಿರಲಿಲ್ಲ. ಕೊನೆಗೆ ಸೆರೆಸಿಕ್ಕಿ ಅದೇ ವರ್ಷ ಮರಣದಂಡನೆಗೆ ಗುರಿಯಾದ. ಮರಾಠಿಯಲ್ಲಿ ಅವನ ಹೆಸರು ಹಿಂದೆ ಸರಿದು ‘ತೋತಯಾ’, ಅಂದರೆ ಸೋಗಿನವ, ಎಂಬ ಪದವೇ ಮುಂದೆ ಬಂತು. ಇನ್ನೊಬ್ಬನ ಹೆಸರು ಹೊತ್ತವನು ಸ್ವಂತದ್ದನ್ನು ಕಳೆದುಕೊಂಡ. ಇತ್ತ ಭಾವೂನ ಹೆಂಡತಿ ಪಾರ್ವತಿಬಾಯಿ ಗಂಡನ ಸಾವನ್ನು ಒಪ್ಪಲೇ ಇಲ್ಲ. ಕೊನೆಯವರೆಗೂ ಸುಮಂಗಲಿಯಾಗಿಯೇ ಇದ್ದಳು.

ಹಸ್ತಪ್ರತಿಗೆ ಹೆಸರಿಡುವವರು

ಆ ಕಾಲದ ಪತ್ರಗಳನ್ನು ಹುಡುಕಿ ಅಚ್ಚು ಹಾಕಿಸಿದವರಲ್ಲಿ ಪ್ರಮುಖರು ವಿ.ಕಾ. ರಾಜವಾಡೆ. ಪಾಣಿಪತದವರೆಗಿನ ಪತ್ರಗಳ ಅವರ ಮೊದಲ ಸಂಪುಟ 1898ರಲ್ಲಿ ಬಂತು. 1910ರಲ್ಲಿ ಅವರು ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ ಇಂದಿಗೂ ಸದಾಶಿವ ಪೇಠೆಯಲ್ಲೇ ಇದೆ. ಮೋಡಿ ಲಿಪಿಯ ಕಾಗದಗಳನ್ನು ಓದುವವರ ಕಷ್ಟ ಓದಿದವರಿಗೇ ಗೊತ್ತು. ಪತ್ರದಲ್ಲಿ ತಿಥಿ ಇದ್ದರೆ ವರ್ಷ ಇರುವುದಿಲ್ಲ, ಮೇಲಿನ ತುಂಡು ಹರಿದಿದ್ದರೆ ಬರೆದವರೇ ಇಲ್ಲ. ಕೈಬರಹ, ಮುದ್ರೆ, ಒಕ್ಕಣೆಯ ಧಾಟಿ ಹಿಡಿದು ಕಾಗದಕ್ಕೆ ಒಬ್ಬ ಯಜಮಾನನನ್ನು ಹುಡುಕಬೇಕು.

ಕನ್ನಡದ ಒಂದು ದೊಡ್ಡ ಹೆಸರಿನ ಜಗಳಕ್ಕೂ ಪುಣೆಯ ನಂಟಿದೆ. ‘ಕವಿರಾಜಮಾರ್ಗ’ವನ್ನು 1898ರಲ್ಲಿ ಮೊದಲು ಸಂಪಾದಿಸಿ ಪ್ರಕಟಿಸಿದ ಕೆ.ಬಿ. ಪಾಠಕರು ಡೆಕ್ಕನ್ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರು. ಅವರು ಕೃತಿಯನ್ನು ರಾಷ್ಟ್ರಕೂಟ ದೊರೆ ನೃಪತುಂಗನ ಹೆಸರಿನಲ್ಲಿಟ್ಟರು. ಆಮೇಲಿನ ವಿದ್ವಾಂಸರು ಗ್ರಂಥದೊಳಗಿನ ಸುಳಿವುಗಳನ್ನು ಕೆದಕಿ, ಬರೆದವನು ಆಸ್ಥಾನದ ಶ್ರೀವಿಜಯ, ನೃಪತುಂಗನದು ಅನುಮತ ಮಾತ್ರ ಎಂದು ವಾದಿಸಿದರು. ಇಂದು ಹೆಚ್ಚಿನವರು ಶ್ರೀವಿಜಯನ ಕಡೆಗಿದ್ದಾರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥದ ಕರ್ತೃ ಸಾವಿರ ವರ್ಷ ಅರಸನ ಹೆಸರಿನ ಹಿಂದೆ ನಿಂತಿದ್ದನೆಂದಾಯಿತು.

ವಚನಕಾರರ ದಾರಿಯೇ ಬೇರೆ. ಅವರು ಹೆಸರು ಬರುವ ಜಾಗದಲ್ಲಿ ದೇವರನ್ನು ಕೂರಿಸಿದರು: ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ. ಅಂಕಿತ ಹೇಳಿದರೆ ಸಾಕು, ಬಸವಣ್ಣನೋ ಅಲ್ಲಮನೋ ಅಕ್ಕನೋ ಎಂದು ಗೊತ್ತಾಗುತ್ತದೆ. ಆದರೆ ಕೆಲವು ಅಂಕಿತಗಳ ಹಿಂದಿನ ಮನುಷ್ಯ ಯಾರೆಂಬುದು ಕಳೆದುಹೋಗಿದೆ. ದೇವರ ಹೆಸರು ಉಳಿದು ಬರೆದವರ ಹೆಸರು ಹೋಯಿತು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಅಂಥವರು ಕೂತಿರುವುದು ‘ಅಜ್ಞಾತ’ ಎಂಬ ತಲೆಬರಹದ ಕೆಳಗೆ. ಅನಾಮಿಕ ಎಂದು ಬರೆದಿದ್ದರೆ ತಪ್ಪಾಗುತ್ತಿತ್ತು, ಅವರೇನೂ ಅಡಗಿರಲಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದ ದ.ರಾ. ಬೇಂದ್ರೆ ಇದೇ ಅಂಕಿತದ ಪದ್ಧತಿಗೆ ಹೊಸ ತಿರುವು ಕೊಟ್ಟರು. ದೇವರ ಜಾಗದಲ್ಲಿ ತಾಯಿ ಅಂಬಿಕೆಯ ಹೆಸರಿಟ್ಟು ‘ಅಂಬಿಕಾತನಯದತ್ತ’ರಾದರು.

ಹೇಳಬಾರದ ಹೆಸರು, ಬೇಡವಾದ ಹೆಸರು

ಮನೆಯೊಳಗಿನ ಹೆಸರಿಲ್ಲದಿರುವಿಕೆಗೆ ನಿಘಂಟಿನಲ್ಲಿ ಪದವೇ ಇಲ್ಲ. ಗಂಡನ ಹೆಸರು ಬಾಯಲ್ಲಿ ತರಬಾರದೆಂಬ ಕಟ್ಟು ಸದಾಶಿವ ಪೇಠೆಯ ವಾಡೆಗಳಲ್ಲೂ ಇತ್ತು, ಧಾರವಾಡದ ತೊಲೆಬಾಗಿಲ ಮನೆಗಳಲ್ಲೂ ಇತ್ತು. ಅಲ್ಲಿ ‘ಅಹೋ’, ಇಲ್ಲಿ ‘ಏನೂಂದ್ರೆ’. ಅಲ್ಲಿ ‘ಹೇ’, ಇಲ್ಲಿ ‘ನಮ್ಮನ್ಯಾಗಿನವರು’. ಆ ಕಟ್ಟು ಸಡಿಲವಾಗುತ್ತಿದ್ದದ್ದು ಮದುವೆ, ಸೀಮಂತಗಳಲ್ಲಿ. ಮರಾಠಿಯಲ್ಲಿ ಅದು ‘ಉಖಾಣಾ’, ಉತ್ತರ ಕರ್ನಾಟಕದಲ್ಲಿ ‘ಒಡಪು’. ಪ್ರಾಸ ಕಟ್ಟಿ, ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತೆ ಮಾತು ಪೇರಿಸಿ, ಕೊನೆಯಲ್ಲಿ ಗಂಡನ ಹೆಸರನ್ನು ಒಂದು ಸಲ ಹೇಳಿಬಿಡುವುದು. ಹೇಳಿದ ಮೇಲೆ ನಾಚುವುದೂ ಪದ್ಧತಿಯ ಭಾಗ.

ಹೆಂಡತಿಯ ಹೆ‍ಸರಿಗೆ ಇಷ್ಟು ಮುಚ್ಚಟೆ ಇರಲಿಲ್ಲ. ಮದುವೆಯ ದಿನ ತಟ್ಟೆಯ ತುಂಬ ಅಕ್ಕಿ ಹರವಿ, ಚಿನ್ನದ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಿದ್ದರು. ಹುಟ್ಟಿದ ಮನೆಯ ಹೆಸರು ಅಲ್ಲಿಗೆ ಮುಗಿಯಿತು. ತವರಿನವರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೆಸರಿದ್ದೂ ಇಲ್ಲದಂತಿದ್ದವರು ಇನ್ನೂ ಕೆಲವರಿದ್ದರು. ಪುಣೆಯಿಂದ ದಕ್ಷಿಣಕ್ಕೆ ನೂರು ಚಿಲ್ಲರೆ ಕಿಲೋಮೀಟರು ದೂರದ ಸಾತಾರಾ ಜಿಲ್ಲೆಯಲ್ಲಿ ಗಂಡುಮಗುವಿಗೆ ಕಾದು ಹೆಣ್ಣು ಹುಟ್ಟಿದಾಗ ‘ನಕೋಶಿ’, ‘ನಕುಸಾ’ ಎಂದು ಇಡುತ್ತಿದ್ದರು. ಬೇಡವಾದವಳು ಎಂದರ್ಥ. 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತ ಸಮಾರಂಭ ಮಾಡಿ 285 ಹುಡುಗಿಯರಿಗೆ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಹಲವರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು. ಕನ್ನಡದ ಹಳ್ಳಿಗಳಲ್ಲೂ ಹೆಣ್ಣುಮಕ್ಕಳ ಸಾಲಿನ ಕೊನೆಯವಳಿಗೆ ‘ಸಾಕವ್ವ’, ‘ಸಾಕಮ್ಮ’ ಎಂದಿಟ್ಟದ್ದುಂಟು. ಇದರ ತಿರುಗುಮುರುಗು ಇನ್ನೊಂದು ರೂಢಿ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮಗುವಿಗೆ ಯಮನ ಕಣ್ಣು ಬೀಳದಿರಲೆಂದು ಕಲ್ಲು, ಗುಂಡು, ತಿಪ್ಪೆಯ ಹೆಸರಿಡುವುದು. ಕನ್ನಡದ ಕಲ್ಲಪ್ಪ, ತಿಪ್ಪಯ್ಯರ ಹಾಗೆ ಮರಾಠಿಯಲ್ಲಿ ದಗಡೂ, ಧೋಂಡೂ. ಹೆಂಗಸರ ವಿಶ್ವವಿದ್ಯಾಲಯ ಕಟ್ಟಿ ಭಾರತರತ್ನರಾದ ಪುಣೆಯ ಧೋಂಡೋ ಕೇಶವ ಕರ್ವೆಯವರ ಹೆಸರಿನಲ್ಲೂ ಆ ಕಲ್ಲು ಇದೆ. ಅವರು ನೂರನಾಲ್ಕು ವರ್ಷ ಬದುಕಿದರು.

ಸಹಿಯಿಲ್ಲದ ಬೋರ್ಡು

ಸದಾಶಿವ ಪೇಠ ಇಂದು ಮಹಾರಾಷ್ಟ್ರದಲ್ಲೆಲ್ಲ ಹೆಸರಾಗಿರುವುದು ‘ಪುಣೇರಿ ಪಾಟ್ಯಾ’ಗಳಿಗೆ. ಗೇಟಿನ ಮೇಲೆ, ಮೆಟ್ಟಿಲ ಬಳಿ, ಅಂಗಡಿಯ ಗಲ್ಲಾದ ಹಿಂದೆ ನೇತುಹಾಕಿದ ಕುಟುಕು ಬರಹಗಳು ಇವು. ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು. ಬೆಲ್ ಒಂದೇ ಸಲ ಒತ್ತಿ, ಒಳಗಿರುವವರು ನಡೆದು ಬರಲು ಹೊತ್ತು ಬೇಕು. ಇಲ್ಲಿ ಯಾರ ವಿಳಾಸವನ್ನೂ ಹೇಳಲಾಗುವುದಿಲ್ಲ. ಇಷ್ಟೆಲ್ಲ ಬರೆದವರು ಸಹಿ ಹಾಕುವುದಿಲ್ಲ. ಹೆಚ್ಚೆಂದರೆ ಕೆಳಗೆ ‘ಹುಕುಮಾವರೂನ್’, ಅಪ್ಪಣೆಯ ಮೇರೆಗೆ, ಎಂದಿರುತ್ತದೆ. ಯಾರ ಅಪ್ಪಣೆ ಎಂದು ಓಣಿಗೆಲ್ಲ ಗೊತ್ತು.

ದೇವರುಗಳಿಗೂ ಇಲ್ಲಿ ಅಡ್ಡಹೆಸರು ತಪ್ಪಿಲ್ಲ. ಇದೇ ಪೇಠೆಯಲ್ಲಿ ಚಿಮಣ್ಯಾ ಗಣಪತಿ, ಅಂದರೆ ಗುಬ್ಬಚ್ಚಿ ಗಣಪ, ಇದ್ದಾನೆ. ಉಪವಾಸದ ವಿಠೋಬಾ ಇದ್ದಾನೆ. ‘ಖೂನಿ’ ಮುರಲೀಧರನೂ ಇದ್ದಾನೆ. ಹಂಪಿಯಲ್ಲಿ ಸಾಸಿವೆಕಾಳು, ಕಡಲೆಕಾಳು ಗಣಪರನ್ನು ಕಂಡ ಕನ್ನಡಿಗರಿಗೆ ಇದು ಹೊಸದೇನಲ್ಲ.

ಸಹಿಯಿಲ್ಲದ ಬರಹ ಗೋಡೆ ಬಿಟ್ಟು ಲಕೋಟೆ ಸೇರಿದರೆ ಹೆಸರೂ ಬದಲಾಗುತ್ತದೆ. ಮರಾಠಿಯಲ್ಲಿ ಅದು ‘ನಿನಾವೀ ಪತ್ರ’. ‘ನಾವ’ ಎಂದರೆ ಹೆಸರು. ಕನ್ನಡದ್ದು ‘ಮೂಗರ್ಜಿ’. ಹೆಸರಿಲ್ಲದ್ದು ಎನ್ನುವ ಬದಲು ಕನ್ನಡ ಅದನ್ನು ಬಾಯಿಲ್ಲದ್ದು ಎಂದು ಕರೆಯಿತು. ದೂರುವವನ ಧ್ವನಿಯೇ ಇಲ್ಲದ ದೂರು ಅದು. ಕಚೇರಿಗಳಲ್ಲಿ ಮೂಗರ್ಜಿಯ ಕಾಟ ಎಷ್ಟೆಂದರೆ, ಕೇಂದ್ರ ಜಾಗೃತ ಆಯೋಗ 1999ರಲ್ಲಿ ಹೆಸರಿಲ್ಲದ, ಸುಳ್ಳು ಹೆಸರಿನ ದೂರುಗಳ ಮೇಲೆ ಕ್ರಮವೇ ಬೇಡ ಎಂದು ಆದೇಶಿಸಿತು. ಹೆಸರು ಮರೆಸಿ ಬೆದರಿಕೆ ಹಾಕಿದರೆ ಮಾಮೂಲಿ ಬೆದರಿಕೆಗಿಂತ ಹೆಚ್ಚು ಶಿಕ್ಷೆಯೆಂದು ದಂಡಸಂಹಿತೆ ಹಿಂದೆಯೂ ಹೇಳಿತ್ತು, ಇಂದಿನ ಭಾರತೀಯ ನ್ಯಾಯ ಸಂಹಿತೆಯೂ ಹೇಳುತ್ತದೆ. ಅದೇ ಕಾನೂನು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರನ್ನು ಅಚ್ಚು ಹಾಕಿದರೂ ಅಪರಾಧ ಎನ್ನುತ್ತದೆ. ಪತ್ರಿಕೆಯ ‘ಹೆಸರು ಬದಲಿಸಲಾಗಿದೆ’ ಎಂಬ ಸಣ್ಣ ಅಕ್ಷರದ ಸಾಲು ಬರುವುದು ಅಲ್ಲಿಂದ.

2025ರಲ್ಲಿ ಧರ್ಮಸ್ಥಳದ ಪ್ರಕರಣ ಸುದ್ದಿಯಾದಾಗ ಕನ್ನಡದ ಟಿ.ವಿ.ಗಳು ಮುಸುಕು ಹಾಕಿ ಬಂದ ದೂರುದಾರನನ್ನು ವಾರಗಟ್ಟಲೆ ‘ಅನಾಮಿಕ’ ಎಂದು ಕರೆದವು. ಆ ಪದಕ್ಕೆ ಅಷ್ಟು ಕೆಲಸ ಹಿಂದೆಂದೂ ಬಿದ್ದಿರಲಿಕ್ಕಿಲ್ಲ. ಮುಂದೆ ಮುಸುಕು ತೆಗೆದು ಹೆಸರು ಹೊರಬಂದ ಮೇಲೂ ಜನರ ಬಾಯಲ್ಲಿ ‘ಆ ಅನಾಮಿಕ’ ಎಂದೇ ಉಳಿಯಿತು. ವಿಶೇಷಣ ಅಂಕಿತನಾಮವಾಗಿತ್ತು.

ಸದಾಶಿವ ಪೇಠೆಯ ಇಂದಿನ ಓಣಿಗಳಲ್ಲಿ ವಾಡೆಗಳಿಗಿಂತ ಅಭ್ಯಾಸಿಕೆಗಳು ಹೆಚ್ಚು. ಗಂಟೆಗಟ್ಟಲೆ ಕೂತು ಓದಲು ಬಾಡಿಗೆಗೆ ಸಿಗುವ ಕೋಣೆಗಳು ಇವು. ಲೋಕಸೇವಾ ಆಯೋಗದ ಪರೀಕ್ಷೆಗೆ ತಯಾರಾಗುವ ಸಾವಿರಾರು ಹುಡುಗ–ಹುಡುಗಿಯರು ಇಲ್ಲಿದ್ದಾರೆ. ಪರೀಕ್ಷೆಯ ದಿನ ಅವರಿಗೆ ಸಿಗುವ ಮೊದಲ ಸೂಚನೆ, ಉತ್ತರ ಪತ್ರಿಕೆಯ ಒಳಗೆ ಎಲ್ಲೂ ನಿಮ್ಮ ಹೆಸರು ಬರೆಯಬೇಡಿ ಎಂಬುದು. ಬರೆದರೆ ದಂಡ. ಜಾತಿ, ಊರು, ಮನೆತನ ಎಲ್ಲವನ್ನೂ ಹೇಳಿಬಿಡುವ ಹೆಸರು ಮೌಲ್ಯಮಾಪಕರ ಕಣ್ಣಿಗೆ ಬೀಳಬಾರದು. ಆ ಮೂರು ಗಂಟೆ ಅವರು ಬರೀ ಒಂದು ಸಂಖ್ಯೆ.

ಖಡ್ಗದ ಗುರುತು

ತಿಲಕರ ವಾಡೆಗೆ ಮತ್ತೆ ಹೋಗಬಹುದು. 1897ರ ಜೂನ್ 15ರಂದು ಅವರ ಪತ್ರಿಕೆ ‘ಕೇಸರಿ’ಯಲ್ಲಿ ಒಂದು ಪದ್ಯ ಅಚ್ಚಾಯಿತು. ಶಿವಾಜಿಯೇ ಎದ್ದುಬಂದು ದೇಶದ ದುರ್ದೆಸೆ ಕಂಡು ಮಾತಾಡಿದಂತೆ ಇದ್ದ ಪದ್ಯ. ಬರೆದವರ ಹೆಸರಿರಲಿಲ್ಲ. ಸಹಿಯ ಜಾಗದಲ್ಲಿ ಭವಾನಿ ಖಡ್ಗದ ಗುರುತು ಎಂದಿತ್ತು. ವಾರ ಕಳೆಯುವಷ್ಟರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿತು. ಸರ್ಕಾರ ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿತು.

ಹೆಸರಿಲ್ಲದ ಬರಹಕ್ಕೆ ಹೊಣೆಗಾರನನ್ನು ಹುಡುಕುವ ದಾರಿಯನ್ನು ಸರ್ಕಾರ ಮೂವತ್ತು ವರ್ಷ ಮೊದಲೇ ಮಾಡಿಟ್ಟಿತ್ತು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಅಚ್ಚಾದ ಪ್ರತಿ ಪತ್ರಿಕೆ, ಪುಸ್ತಕದ ಮೇಲೆ ಮುದ್ರಕ, ಪ್ರಕಾಶಕರ ಹೆಸರು ಇರಲೇಬೇಕಿತ್ತು. ಕವಿ ಖಡ್ಗದ ಹಿಂದೆ ಅಡಗಬಹುದು, ಪ್ರಕಾಶಕನಿಗೆ ಅಡಗುವ ಜಾಗವಿಲ್ಲ. ಬೊಂಬಾಯಿ ಹೈಕೋರ್ಟಿನಲ್ಲಿ ಒಂಬತ್ತು ಜನರ ಜ್ಯೂರಿ ಆರು–ಮೂರರ ಬಹುಮತದಿಂದ ತಿಲಕರನ್ನು ತಪ್ಪಿತಸ್ಥರೆಂದಿತು. ಹದಿನೆಂಟು ತಿಂಗಳ ಸಜೆಯಾಯಿತು. ಮುದ್ರಕರು ಬಿಡುಗಡೆಯಾದರು.

ಆ ಹೊತ್ತಿಗೆ 1892ರ ಅತಿಥಿಗೆ ಹೆಸರು ಬಂದಿತ್ತು. ಪುಣೆಯ ನಂತರ ಅವರು ಕೊಲ್ಹಾಪುರದ ಮೇಲೆ ಬೆಳಗಾವಿಗೆ ಹೋಗಿ ಅಲ್ಲೂ ಕೆಲವು ದಿನ ಉಳಿದಿದ್ದರು. ಮುಂದೆ ಬೆಂಗಳೂರು, ಮೈಸೂರು. ಆ ಅಲೆದಾಟದ ವರ್ಷಗಳಲ್ಲಿ ವಿವಿದಿಷಾನಂದ, ಸಚ್ಚಿದಾನಂದ ಎಂದು ಹೆಸರು ಬದಲಿಸುತ್ತಾ ಇದ್ದವರಿಗೆ 1893ರಲ್ಲಿ ಅಮೆರಿಕದ ಹಡಗು ಹತ್ತುವ ಮುನ್ನ ಖೇತ್ರಿಯ ರಾಜನ ಬಳಿ ಒಂದು ಹೆಸರು ಗಟ್ಟಿಯಾಯಿತು. ಷಿಕಾಗೋದ ಸುದ್ದಿ ಬಂದು, ಪತ್ರಿಕೆಗಳಲ್ಲಿ ಸ್ವಾಮಿ ವಿವೇಕಾನಂದರ ಚಿತ್ರ ಕಂಡಾಗ ತಿಲಕರಿಗೆ ಅನುಮಾನ ಬಂತು: ಈ ಮುಖವನ್ನು ಸದಾಶಿವ ಪೇಠೆಯಲ್ಲಿ ನೋಡಿದ್ದೆನಲ್ಲ? ನನ್ನ ಮನೆಯಲ್ಲಿದ್ದ ಸನ್ಯಾಸಿ ನೀವೇನೇ ಎಂದು ಕಾಗದ ಬರೆದರು. ಹೌದೆಂಬ ಉತ್ತರ ಬಂತು.

ಆ ಉತ್ತರ ಈಗ ಇಲ್ಲ. ತಿಲಕರೇ ಮುಂದೆ ಬರೆದ ನೆನಪಿನ ಪ್ರಕಾರ, 1897ರ ಕೇಸರಿ ಮೊಕದ್ದಮೆ ಮುಗಿದ ಮೇಲೆ ನಾಶವಾದ ಅನೇಕ ಕಾಗದಗಳ ಜೊತೆ ಅದೂ ಹೋಗಿರಬೇಕು. ಸಹಿಯಿದ್ದ ಪತ್ರವೊಂದು ಸಹಿಯಿಲ್ಲದ ಪದ್ಯದ ಗದ್ದಲದಲ್ಲಿ ಕಳೆದುಹೋಯಿತು.